ಪದ್ಯ ಭಾಗವತರದು, ಉತ್ತರ ನಮ್ಮದು

ಓದುಗರು ಕಾದಂಬರಿಕಾರನಿಗೆ ಕೇಳುವ ಪ್ರಶ್ನೆ ತಾಲ್ಲೂಕಿನಿಂದ ತಾಲ್ಲೂಕಿಗೆ ಬದಲಾಗುತ್ತದೆ ಎಂದರೆ ಬೆಂಗಳೂರಿನ ಗೆಳೆಯರು ನಗುತ್ತಾರೆ. ನನ್ನ ಅನುಭವವಂತೂ ಹಾಗೇ ಇದೆ. ಸಾಗರದವರು ‘ಗೊತ್ತಿರೋ ಕಥೆ ಮತ್ತೆ ಯಾಕೆ?’ ಎಂದು ಕೇಳುತ್ತಾರೆ. ಹೊಸನಗರದವರು ‘ನಮ್ಮ ಕಥೆ ಬಿಟ್ಟು ಇದು ಯಾಕೆ?’ ಎನ್ನುತ್ತಾರೆ. ತೀರ್ಥಹಳ್ಳಿಯವರು ‘ಕುವೆಂಪು ಬರೆದ ಮೇಲೂ ಬರೆದ್ರಾ?’ ಎಂದು ಹುಬ್ಬೇರಿಸುತ್ತಾರೆ. ವಾಲಿಯ ಹೆಂಡತಿ ತಾರೆಯನ್ನು ನಡುವಿಟ್ಟು ಒಂದು ಕಾದಂಬರಿ ಬರೆದ ತಪ್ಪಿಗೆ ಈ ಮೂರೂ ಊರುಗಳ ಕಾಲೇಜು, ಮಹಿಳಾ ಮಂಡಳಿ, ಸಾಹಿತ್ಯ ಪರಿಷತ್ತಿನ ಸಭೆ, ಕೊನೆಗೆ ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಕೂತು ಉತ್ತರ ಹೇಳಿದ್ದೇನೆ. ನಾನು ಹೇಳಿದ್ದು ಬಹಳಷ್ಟು ಮರೆತುಹೋಗಿದೆ. ಅವರು ಕೇಳಿದ್ದು ಮಾತ್ರ ನೆನಪಿದೆ.

ಬೆಳಿಗ್ಗೆ ಬರೆಯುತ್ತೀರೋ ರಾತ್ರಿಯೋ, ಪೆನ್ನಿನಲ್ಲೋ ಕಂಪ್ಯೂಟರಿನಲ್ಲೋ, ಎಷ್ಟು ಸಲ ತಿದ್ದುತ್ತೀರಿ ಎಂಬವು ಎಲ್ಲ ಕಡೆಯೂ ಬರುವ ಪ್ರಶ್ನೆಗಳು. ಬೆಳಿಗ್ಗೆ ಬರೆಯುತ್ತೇನೆ, ಪೆನ್ನಿನಲ್ಲಿ ಬರೆಯುತ್ತೇನೆ, ಸಾಕೆನಿಸುವ ತನಕ ತಿದ್ದುತ್ತೇನೆ. ಅದರಲ್ಲಿ ಗುಟ್ಟೇನೂ ಇಲ್ಲ. ಗುಟ್ಟು ಏನಾದರೂ ಇದ್ದರೆ ಅದು ನಮ್ಮನೆ ಜಗಲಿಯಲ್ಲಿದೆ.

ನಾನು ಬೆಳೆದದ್ದು ಹೊಸನಗರ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಯಲ್ಲಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆದು ಮುಗಿದು, ಹೊರಗೆ ಕಾಲಿಡಲಾಗದಂತೆ ಮಳೆ ಕೂತುಬಿಟ್ಟ ದಿನಗಳಲ್ಲಿ ತಾಳಮದ್ದಲೆ ನಡೆಯುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ. ಒಂದು ಬದಿಗೆ ಭಾಗವತರು, ಮದ್ದಲೆ, ಚಂಡೆ. ಎದುರುಬದುರಾಗಿ ಕೂತ ಅರ್ಥಧಾರಿಗಳು. ನಡುವೆ ಕವಳದ ತಟ್ಟೆ. ಭಾಗವತರು ಪ್ರಸಂಗದ ಪದ್ಯ ಹಾಡಿ ನಿಲ್ಲಿಸಿದ ಕೂಡಲೇ ಆ ಪಾತ್ರದವನು ಅದನ್ನು ತನ್ನ ಮಾತಿನಲ್ಲಿ ಬೆಳೆಸಬೇಕು. ಎದುರಿನವನು ಎತ್ತಿದ ಆಕ್ಷೇಪಕ್ಕೆ ನಿಂತ ನಿಲುವಿನಲ್ಲೇ ಉತ್ತರ ಕೊಡಬೇಕು. ಬರೆದು ಬಾಯಿಪಾಠ ಮಾಡಿ ತಂದ ಮಾತಿಗೆ ಅಲ್ಲಿ ಕಿಮ್ಮತ್ತಿಲ್ಲ. ಬಾಗಿಲ ಸಂದಿಯಲ್ಲಿ ಕೂತ ಹೆಂಗಸರಿಗೂ ಪದ್ಯಗಳೆಲ್ಲ ಬಾಯಿಗೆ ಬರುತ್ತಿದ್ದವು. ಅಲ್ಲಿ ಯಾರನ್ನೂ ಯಾಮಾರಿಸುವ ಹಾಗಿರಲಿಲ್ಲ.

ನಮ್ಮ ಅಪ್ಪಚ್ಚಿ ವಾಲಿಯ ಅರ್ಥಕ್ಕೆ ಹೆಸರಾದವರು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿ ಬಂದ ಮೇಲೆ ಅವರಿಗೆ ಅದೊಂದು ಹುಚ್ಚೇ ಹಿಡಿದಿತ್ತು. ‘ವಾಲಿವಧೆ’ಯ ಜೀವ ಇರುವುದು ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಭಾಗದಲ್ಲಿ. ಮರೆಯಲ್ಲಿ ನಿಂತು ಹೊಡೆದೆಯಲ್ಲ, ನಿನಗೂ ನನಗೂ ಏನು ವೈರ? ಅಣ್ಣತಮ್ಮಂದಿರ ಜಗಳದಲ್ಲಿ ನಿನಗೇನು ಕೆಲಸ? ಹೆಂಡತಿಯನ್ನು ಹುಡುಕಿಸಲು ಸಹಾಯ ಬೇಕಿದ್ದರೆ ನನ್ನನ್ನೇ ಕೇಳಬಹುದಿತ್ತಲ್ಲ? ಒಂದು ರಾತ್ರಿ ಅಪ್ಪಚ್ಚಿ ಇದನ್ನೆಲ್ಲ ಎಂಥ ರಭಸದಲ್ಲಿ ಕೇಳಿದರೆಂದರೆ, ರಾಮನ ಅರ್ಥಕ್ಕೆ ಕೂತಿದ್ದ ಶಾಲೆ ಮಾಸ್ತರರು ಸುಮ್ಮನೆ ಕವಳದ ತಟ್ಟೆಗೆ ಕೈಹಾಕಿದರು. ಜಗಲಿಯ ತುಂಬ ನಗು. ಭಾಗವತರು ಒಂದು ಗಳಿಗೆ ಕಾದರು, ಆಮೇಲೆ ತಾಳ ಹಾಕಿ ಮುಂದಿನ ಪದ್ಯ ಎತ್ತಿಕೊಂಡರು. ವಾಲಿ ರಾಮನಿಗೆ ಶರಣಾಗುವ ಪದ್ಯ. ಅಪ್ಪಚ್ಚಿ ಅಷ್ಟೆತ್ತರದಿಂದ ಇಳಿದು ಬರಲು ಪಟ್ಟ ಕಷ್ಟ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಮರುದಿನ ಬೆಳಿಗ್ಗೆ ಅಜ್ಜ ಹೇಳಿದ್ದು ಇಷ್ಟೇ: “ಗೆದ್ದಿದ್ದು ಹೌದು. ಆದ್ರೆ ವಾಲಿ ಸಾಯವು ಅಲ್ದಾ?”

ಹಳೆಯ ಕಥೆಯನ್ನು ಮತ್ತೆ ಹೇಳುವವನ ಕಷ್ಟವೆಲ್ಲ ಅಜ್ಜನ ಆ ಮಾತಿನಲ್ಲಿದೆ. ಪದ್ಯವನ್ನು ಮುಟ್ಟುವ ಹಾಗಿಲ್ಲ. ಸೋಲಬೇಕಾದವನು ಸೋಲಲೇಬೇಕು, ಸಾಯಬೇಕಾದವನು ಸಾಯಲೇಬೇಕು. ಹೇಗೆ ಸೋತ, ಸೋಲುವ ಮೊದಲು ಏನೇನು ಕೇಳಿದ, ಆ ಸೋಲಿನ ಭಾರ ಕೊನೆಗೆ ಯಾರ ಹೆಗಲ ಮೇಲೆ ಕೂತಿತು ಎಂಬುದಷ್ಟೇ ಅರ್ಥಧಾರಿಗೆ ಬಿಟ್ಟದ್ದು. ಅಪ್ಪಚ್ಚಿಯ ಸಮಸ್ಯೆಯೇ ಮುಂದೆ ನನ್ನ ಸಮಸ್ಯೆಯೂ ಆಯಿತು.

ಓದಲು ಸಾಗರಕ್ಕೆ ಬಂದಾಗ ಹೆಗ್ಗೋಡು ಸಿಕ್ಕಿತು. 1949ರಲ್ಲಿ ಊರಿನವರು ಕೂಡಿ ಕಟ್ಟಿದ ನೀನಾಸಂ, ಕೆ.ವಿ. ಸುಬ್ಬಣ್ಣ ನಡೆಸುತ್ತಿದ್ದ ಅಕ್ಷರ ಪ್ರಕಾಶನ, ಶಿವರಾಮ ಕಾರಂತರ ಹೆಸರಿನ ರಂಗಮಂದಿರ. 1985ರಲ್ಲಿ ತಿರುಗಾಟ ಶುರುವಾದ ಮೇಲೆ ಶೇಕ್ಸ್‌ಪಿಯರನೂ ಕಾಳಿದಾಸನೂ ಲಾರಿ ಹತ್ತಿ ಊರೂರು ಸುತ್ತಿದರು. ಅಕ್ಟೋಬರಿನ ಸಂಸ್ಕೃತಿ ಶಿಬಿರಕ್ಕೆ ನಾನೂ ಹೋಗಿ ಕೂರುತ್ತಿದ್ದೆ. ರಾತ್ರಿ ನಾಟಕ ನೋಡುವುದು, ಬೆಳಿಗ್ಗೆ ಆಡಿಸಿದವರನ್ನೂ ಬರೆದವರನ್ನೂ ಎದುರು ಕೂರಿಸಿಕೊಂಡು ಪ್ರಶ್ನೆ ಕೇಳುವುದು. ಅಡಿಕೆ ಸುಲಿದು ಬೆರಳು ಕಪ್ಪಾಗಿದ್ದವರು ಎದ್ದು ನಿಂತು, ದುಷ್ಯಂತನ ಮರೆವು ನಿಜವಾದ ಮರೆವೋ ಅಥವಾ ರಾಜರಿಗೆ ಅನುಕೂಲವಾದ ಮರೆವೋ ಎಂದು ಕೇಳಿದರೆ ಅಲ್ಲಿ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಸುಬ್ಬಣ್ಣ ತಾವೇ ಶಾಕುಂತಲವನ್ನು ‘ಲೋಕಶಾಕುಂತಲ’ವಾಗಿ ಕನ್ನಡಕ್ಕೆ ತಂದವರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹೊರಗಿನವರು, ಹಳ್ಳಿಯೊಂದರಲ್ಲಿ ಇಂಥದ್ದು ಹೇಗೆ ಸಾಧ್ಯವಾಯಿತು ಎಂದು ಬೆರಗುಪಟ್ಟರು. ತಾಳಮದ್ದಲೆ ಕೇಳಿ ಬೆಳೆದವರಿಗೆ ಅದು ಬೆರಗಿನ ಸಂಗತಿಯಾಗಿ ಕಾಣಲಿಲ್ಲ.

ಹೀಗಾಗಿ ಸಾಗರದವರು ಕೇಳುವ ‘ಮತ್ತೆ ಯಾಕೆ?’ ಎಂಬುದು ಅಸಡ್ಡೆಯ ಪ್ರಶ್ನೆಯಲ್ಲ. ನನ್ನ ಕಾದಂಬರಿ ಬಂದ ವರ್ಷ ಒಬ್ಬ ವಿದ್ಯಾರ್ಥಿನಿ ನೇರವಾಗಿ ಕೇಳಿದ್ದಳು: “ಸರ್, ತಾರೆ ಕೊನೆಗೆ ಏನಾಗ್ತಾಳೆ ಅಂತ ಎಲ್ಲರಿಗೂ ಗೊತ್ತು. ಗೊತ್ತಿರೋದನ್ನ ಮುನ್ನೂರು ಪುಟ ಯಾಕೆ ಓದ್ಬೇಕು?” ಗೊತ್ತಿರುವುದರಿಂದಲೇ ಓದಬೇಕು ಎಂದೆ. ಮುಂದೇನಾಯಿತು ಎಂಬ ಕುತೂಹಲದ ಹೊಣೆ ಹಳೆ ಕಥೆಯನ್ನು ಹೇಳುವವನ ತಲೆಯ ಮೇಲಿಲ್ಲ. ಯಾಕಾಯಿತು, ಆಗುವಾಗ ಆ ಮನೆಯೊಳಗೆ ಯಾರು ಏನು ಮಾಡುತ್ತಿದ್ದರು ಎಂಬ ಕಡೆಗೆ ಅವನು ಪೂರ್ತಿ ತಿರುಗಬಹುದು. ಕನ್ನಡದಲ್ಲಿ ದೊಡ್ಡದೆನಿಸಿಕೊಂಡ ಕಾವ್ಯಗಳಲ್ಲಿ ಬಹುಪಾಲು ಎರಡನೇ ಸಲ ಹೇಳಿದ ಕಥೆಗಳೇ. ಪಂಪ ಕ್ರಿ.ಶ. 941ರಲ್ಲಿ ಭಾರತವನ್ನು ಹೇಳಿದಾಗ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿದ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ, ಅಷ್ಟೆಲ್ಲ ಮಾಡಿಯೂ ಕರ್ಣನ ಕಡೆ ಓದುಗನ ಮನಸ್ಸು ವಾಲುವಂತೆ ಬರೆದ. ಕುಮಾರವ್ಯಾಸ, ಲಕ್ಷ್ಮೀಶ, ತೊರವೆಯ ನರಹರಿ ಇವರಲ್ಲಿ ಯಾರೂ ಹೊಸ ಕಥೆ ಹುಡುಕಲು ಹೋದವರಲ್ಲ. ನಮ್ಮ ಕಾಲಕ್ಕೆ ಬಂದರೆ ಎಸ್.ಎಲ್. ಭೈರಪ್ಪ 1979ರ ‘ಪರ್ವ’ದಲ್ಲಿ ಪವಾಡಗಳನ್ನೆಲ್ಲ ತೆಗೆದು ಭಾರತವನ್ನು ಮನುಷ್ಯರ ಕಥೆಯಾಗಿ ನಿಲ್ಲಿಸಿದರು. 2017ರ ‘ಉತ್ತರಕಾಂಡ’ದಲ್ಲಿ ಸೀತೆಯ ಕಡೆಯಿಂದ ರಾಮಾಯಣ ಹೇಳಿದರು.

ಆ ಹುಡುಗಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಬರೆಯುವಾಗ ಏನು ಮಾಡಿದಿರಿ, ಅದನ್ನು ಹೇಳಿ ಎಂದಳು. ಹೇಳಿದೆ. ವಾಲ್ಮೀಕಿಯಲ್ಲಿ ಸುಗ್ರೀವ ಒಮ್ಮೆ ಪೆಟ್ಟು ತಿಂದು ಓಡಿಹೋಗಿ, ಮತ್ತೆ ಬಂದು ಯುದ್ಧಕ್ಕೆ ಕೂಗುತ್ತಾನೆ. ಹೊರಟು ನಿಂತ ವಾಲಿಯನ್ನು ತಾರೆ ತಡೆಯುತ್ತಾಳೆ. ಈಗಷ್ಟೇ ಸೋತು ಓಡಿದವನು ಇಷ್ಟು ಬೇಗ ತಿರುಗಿ ಬಂದಿದ್ದಾನೆಂದರೆ ಹಿಂದೆ ಯಾರದೋ ಬಲ ಇದೆ ಎಂಬುದು ಅವಳ ತರ್ಕ. ಅಯೋಧ್ಯೆಯ ರಾಜಕುಮಾರರು ಸುಗ್ರೀವನ ಸ್ನೇಹ ಮಾಡಿದ್ದಾರೆ ಎಂದು ಗೂಢಚಾರರು ಅಂಗದನಿಗೆ ತಂದ ಸುದ್ದಿಯೂ ಅವಳಿಗೆ ತಿಳಿದಿದೆ. ಇಡೀ ಕಿಷ್ಕಿಂಧೆಯಲ್ಲಿ ರಾಜಕಾರಣ ಬಲ್ಲವಳು ಅವಳೊಬ್ಬಳೇ. ಅವಳ ಮಾತು ನಡೆಯುವುದಿಲ್ಲ. ನಾನು ಮಾಡಿದ್ದು ಇಷ್ಟು: ಆ ಸುದ್ದಿ ಅವಳ ಕಿವಿಗೆ ಬಿದ್ದ ಗಳಿಗೆಯಿಂದ ವಾಲಿ ಹೊಸಿಲು ದಾಟುವ ಗಳಿಗೆಯವರೆಗಿನ ಹೊತ್ತನ್ನು ಹಿಗ್ಗಿಸಿದೆ. ಪದ್ಯವನ್ನು ಮುಟ್ಟಲಿಲ್ಲ. ವಾಲಿ ಹೊರಗೆ ಹೋದ, ಸತ್ತ.

ಹೊಸನಗರದ ಸಭೆಯಲ್ಲಿ ಇಷ್ಟು ಸಲೀಸಾಗಿ ಪಾರಾಗಲಾಗಲಿಲ್ಲ. ಅಲ್ಲಿ ಹಿರಿಯರೊಬ್ಬರು ಎದ್ದು, “ಮಾರಾಯ್ರೆ, ನಮ್ಮೂರು ಮುಳುಗಿದ ಕಥೆ ಬರೆಯೋದು ಬಿಟ್ಟು ನೀವು ಕಿಷ್ಕಿಂಧೆಗೆ ಎಂತಕ್ಕೆ ಹೋದ್ರಿ?” ಎಂದರು. ಅವರ ಸಿಟ್ಟಿಗೆ ಕಾರಣವಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಸಾಗರ, ಹೊಸನಗರ ಎರಡೂ ತಾಲ್ಲೂಕುಗಳ ಊರುಗಳು ಶರಾವತಿಯ ನೀರಿನಡಿ ಹೋದವು. ಅದು ಸಾಲದೆಂಬಂತೆ ಆಮೇಲೆ ಚಕ್ರಾ, ಸಾವೇಹಕ್ಲು, ಮಾಣಿ ಬಂದವು. ರಾಜ್ಯಕ್ಕೆಲ್ಲ ದೀಪ ಹಚ್ಚಿದ ನೀರಿನ ದಂಡೆಯಲ್ಲಿ ಚಿಮಣಿ ಬುಡ್ಡಿಯಲ್ಲಿ ಓದಿದ ಮಕ್ಕಳು ಆ ಸಭೆಯಲ್ಲೇ ಮುದುಕರಾಗಿ ಕೂತಿದ್ದರು.

ಆ ಕಥೆಯನ್ನು ಬರೆದವರು ನಮ್ಮ ನಡುವೆಯೇ ಇದ್ದರು. ಸಾಗರದ ನಾ. ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಒಳಗಿನಿಂದಲೇ ಕಂಡವರು. ‘ಮುಳುಗಡೆ’, ‘ದ್ವೀಪ’ ಆ ಅನುಭವದಿಂದ ಬಂದ ಕಾದಂಬರಿಗಳು. ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಗಿರೀಶ ಕಾಸರವಳ್ಳಿ ‘ದ್ವೀಪ’ವನ್ನು ಸಿನಿಮಾ ಮಾಡಿದರು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಡಿಸೋಜರು 2025ರ ಜನವರಿಯಲ್ಲಿ ತೀರಿಕೊಂಡರು. ಮುಳುಗಡೆಯ ಬಗ್ಗೆ ಅವರು ಬರೆದದ್ದನ್ನು ನಾನು ಇನ್ನೊಮ್ಮೆ ಬರೆಯಬೇಕಿರಲಿಲ್ಲ.

ಆದರೂ ಆ ಹಿರಿಯರಿಗೆ ಉತ್ತರ ಕೊಡಬೇಕಿತ್ತು. ನಮ್ಮ ಅಮ್ಮಮ್ಮನ ಮನೆ ಮುಳುಗಡೆಯಲ್ಲಿ ಹೋದಾಗ ಲಾರಿಗೆ ಏರಿಸಿದ ಸಾಮಾನಿನಲ್ಲಿ ಒಂದು ಪ್ರಸಂಗದ ಪುಸ್ತಕವಿತ್ತು. ಈಗ ನನ್ನ ಹತ್ತಿರ ಇದೆ. ರಟ್ಟು ಹೋಗಿ ಅಡಿಕೆ ಹಾಳೆ ಹೊಲಿದಿದ್ದಾರೆ. ಪುಟದ ಅಂಚಿಗೆಲ್ಲ ಎಲೆಯಡಿಕೆಯ ಕೆಂಪು ಕಲೆ, ಬುಡ್ಡಿದೀಪದ ಮಸಿ. ‘ವಾಲಿವಧೆ’ಯ ಪುಟಗಳು ಮಾತ್ರ ಬೆರಳಾಡಿ ಆಡಿ ಬಟ್ಟೆಯ ಹಾಗೆ ಮೆತ್ತಗಾಗಿವೆ. ಒಂದು ಪದ್ಯದ ಪಕ್ಕ ಯಾರೋ ಪೆನ್ಸಿಲಿನಲ್ಲಿ ‘ಇಲ್ಲಿ ಕೇಳುವುದು’ ಎಂದು ಗುರುತು ಹಾಕಿಕೊಂಡಿದ್ದಾರೆ. ಮನೆ, ತೋಟ, ದೇವಸ್ಥಾನ ಬಿಟ್ಟು ಬಂದವರು ಅದನ್ನು ಬಿಟ್ಟು ಬರಲಿಲ್ಲ ಎಂದು ಸಭೆಗೆ ಹೇಳಿದೆ. ಶರಾವತಿ ಹುಟ್ಟುವ ಅಂಬುತೀರ್ಥ ಇರುವುದು ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಸೀತೆಯ ಬಾಯಾರಿಕೆಗೆಂದು ರಾಮ ಬಾಣ ಹೊಡೆದು ಚಿಮ್ಮಿಸಿದ ನೀರು ಅದು ಎಂಬ ಐತಿಹ್ಯ ಗೊತ್ತಿಲ್ಲದವರು ನಮ್ಮಲ್ಲಿಲ್ಲ. ರಾಮನ ಬಾಣದಿಂದ ಹುಟ್ಟಿದ ನೀರೇ ಒಂದು ದಿನ ಮನೆಯೊಳಗೆ ಬಂತು. ನಮ್ಮಲ್ಲಿ ಬಿಡಿಸಿ ಕೇಳಬೇಕಾದ್ದೇನಾದರೂ ಇದ್ದರೆ ಅದನ್ನು ವಾಲಿಯ ಬಾಯಲ್ಲಿ, ತಾರೆಯ ಬಾಯಲ್ಲಿ ಕೇಳಿಸುವುದು ನಮಗೆ ಸಹಜ. ಹಿರಿಯರು, “ಹಾಗಾದ್ರೆ ಅದು ನಮ್ಮ ಕಥೇನೇ ಅನ್ನಿ” ಎಂದು ಕೂತರು. ಒಪ್ಪಿದರೋ, ಕೊಂಕಿಗೆ ಹೇಳಿದರೋ ತಿಳಿಯಲಿಲ್ಲ.

ಸಭೆ ಮುಗಿದ ಮೇಲೆ ಹೊಂಬುಜದ ಕಡೆಯ ಜೈನ ಮಿತ್ರರೊಬ್ಬರು ಕೈಹಿಡಿದು, “ನಮ್ಮ ರಾಮಾಯಣದಲ್ಲಿ ರಾಮ ವಾಲಿಯನ್ನು ಕೊಲ್ಲೋದೇ ಇಲ್ಲವಲ್ಲ” ಎಂದರು. ಅವರು ಹೇಳಿದ್ದು ಸರಿ. ವಿಮಲಸೂರಿಯ ಪರಂಪರೆಯಲ್ಲಿ ವಾಲಿ ರಾಜ್ಯವನ್ನು ತಮ್ಮನಿಗೆ ಬಿಟ್ಟು ದೀಕ್ಷೆ ತೆಗೆದುಕೊಂಡು ತಪಸ್ಸಿಗೆ ಹೋಗುತ್ತಾನೆ. ಕನ್ನಡದಲ್ಲಿ ನಾಗಚಂದ್ರನ ರಾಮಾಯಣ ಅದೇ ದಾರಿಯದು. ಅಲ್ಲಿ ರಾವಣನನ್ನು ಕೊಲ್ಲುವವನೂ ಲಕ್ಷ್ಮಣ. ಅಂದ ಮೇಲೆ ಅಜ್ಜ ಹೇಳಿದ ಕಟ್ಟಳೆಗೆ ಒಂದು ತಿದ್ದುಪಡಿ ಬೇಕಾಯಿತು. ಪದ್ಯವನ್ನು ಮುಟ್ಟಬಾರದು, ನಿಜ. ಆದರೆ ಪ್ರಸಂಗ ಒಂದೇ ಇಲ್ಲ. ಯಾವ ಪ್ರಸಂಗ ಹಿಡಿದೆವೋ ಅದಕ್ಕೆ ನಿಷ್ಠರಾಗಿರಬೇಕು.

ತೀರ್ಥಹಳ್ಳಿಯಲ್ಲಿ ಆ ತಿದ್ದುಪಡಿಯೂ ಸಾಲಲಿಲ್ಲ. ಆ ತಾಲ್ಲೂಕಿನಲ್ಲಿ ಹಳೆಯ ಕಥೆಗಳು ನೆಲದಲ್ಲೇ ಬಿದ್ದಿವೆ. ತುಂಗೆಯ ರಾಮಕೊಂಡದಲ್ಲಿ ಪರಶುರಾಮ ಕೊಡಲಿ ತೊಳೆದನೆಂದು ಎಳ್ಳಮಾವಾಸ್ಯೆಗೆ ಜನ ಮೀಯುತ್ತಾರೆ. ಮಾಯಾಮೃಗ ಬಿದ್ದ ಜಾಗವೆಂದು ಮೃಗವಧೆ ಎಂಬ ಊರೇ ಇದೆ. ಕಾಳಿದಾಸನನ್ನು ಪೂರ್ತಿಯಾಗಿ ಕನ್ನಡಕ್ಕೆ ತಂದ ಎಸ್.ವಿ. ಪರಮೇಶ್ವರ ಭಟ್ಟರೂ ತಮ್ಮ ಮನೆತನದ ಹಿರಿಯಳೊಬ್ಬಳ ಬದುಕನ್ನು 1976ರಲ್ಲಿ ‘ಫಣಿಯಮ್ಮ’ನಾಗಿ ಹೇಳಿದ ಎಂ.ಕೆ. ಇಂದಿರಾ ಅವರೂ ಅಲ್ಲಿನವರು. ಎಲ್ಲಕ್ಕಿಂತ ಮೇಲೆ ಕುಪ್ಪಳಿ ಇದೆ. ಅಲ್ಲಿ ಹೋಗಿ ರಾಮಾಯಣ ಬರೆದಿದ್ದೇನೆ ಎನ್ನಲು ಧೈರ್ಯ ಬೇಕು.

ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಬರೆಯಲು ಹತ್ತು ವರ್ಷ ತೆಗೆದುಕೊಂಡರು. 1949ರಲ್ಲಿ ಅದು ಹೊರಬಂತು, 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, 1967ರಲ್ಲಿ ಜ್ಞಾನಪೀಠ. ಅಲ್ಲಿ ರಾಮ ಸೀತೆಯನ್ನು ಬೆಂಕಿಗೆ ಕಳಿಸಿ ನೋಡುತ್ತಾ ನಿಲ್ಲುವುದಿಲ್ಲ, ತಾನೂ ಬೆಂಕಿ ಹೊಗುತ್ತಾನೆ. ಊರ್ಮಿಳೆಯ ತಪಸ್ಸಿಗೆ, ಮಂಥರೆಯ ಮಮತೆಗೆ ಜಾಗವಿದೆ. ಕಿಷ್ಕಿಂಧೆಯಲ್ಲಿ ಸುರಿಯುವುದು ನಮ್ಮದೇ ಮಳೆ. ವಾಲಿ ಸತ್ತ ಮೇಲೆ ರಾಮ ನಾಲ್ಕು ತಿಂಗಳು ಮಳೆ ನಿಲ್ಲಲೆಂದು ಕಾಯಬೇಕಲ್ಲ, ಆ ಭಾಗ ಓದಿದ ಮಲೆನಾಡಿಗನಿಗೆ ಕಂಬಳಿ ಹೊದ್ದುಕೊಳ್ಳಬೇಕೆನಿಸುತ್ತದೆ. ‘ಶೂದ್ರ ತಪಸ್ವಿ’ ನಾಟಕದಲ್ಲಂತೂ ಅವರು ಪದ್ಯವನ್ನೇ ಬದಲಿಸಿದರು. ಮೂಲದಲ್ಲಿ ರಾಮನ ಕೈಯಲ್ಲಿ ಸಾಯುವ ಶಂಬೂಕ ಅಲ್ಲಿ ಸಾಯುವುದಿಲ್ಲ. ಮಗು ಸತ್ತಿತೆಂದು ದೂರು ತಂದ ಬ್ರಾಹ್ಮಣನನ್ನೇ ಬ್ರಹ್ಮಾಸ್ತ್ರ ಅಟ್ಟಿಸಿಕೊಂಡು ಹೋಗುತ್ತದೆ, ಶಂಬೂಕನಿಗೆ ತಲೆಬಾಗುವವರೆಗೆ ಬಿಡುವುದಿಲ್ಲ. ಪುರಾಣದ ಕಥೆಯನ್ನು ಹೀಗೆ ತಿರುಗಿಸಬಹುದೇ ಎಂದು ಮಾಸ್ತಿ ಆಕ್ಷೇಪ ಎತ್ತಿದರು. ಕುವೆಂಪು ಅದಕ್ಕೆ ದೀರ್ಘವಾದ ಉತ್ತರ ಬರೆದರು.

ತೀರ್ಥಹಳ್ಳಿಯ ಕಾಲೇಜಿನ ಹುಡುಗನೊಬ್ಬ ಇದನ್ನೇ ಹಿಡಿದು ಕೇಳಿದ. “ಕುವೆಂಪು ಬದಲಾಯಿಸಬಹುದು, ನೀವು ಯಾಕೆ ವಾಲಿಯನ್ನ ಉಳಿಸ್ಲಿಲ್ಲ? ಹೆದರಿಕೆನಾ?” ಸಭೆ ನಕ್ಕಿತು. ನಾನು ಅಪ್ಪಚ್ಚಿಯ ಕಥೆ ಹೇಳಿ, ಆಮೇಲೆ ನನಗೆ ತೋಚಿದ್ದನ್ನು ಹೇಳಿದೆ. ಫಲಿತಾಂಶ ಬದಲಿಸುವವನು ಅರ್ಥಧಾರಿಯ ಜಾಗ ಬಿಟ್ಟು ಭಾಗವತನ ಜಾಗದಲ್ಲಿ ಕೂರುತ್ತಾನೆ. ಅಲ್ಲಿ ಕೂತ ಮೇಲೆ ಇಡೀ ಪ್ರಸಂಗವನ್ನು ತಾನೇ ಹಾಡಬೇಕು. ಶಂಬೂಕ ಉಳಿದರೆ ರಾಮನ ಧರ್ಮ ಏನಾಯಿತು, ಸತ್ತ ಮಗುವಿನ ಗತಿ ಏನಾಯಿತು, ಎಲ್ಲಕ್ಕೂ ಅವನೇ ಹೊಣೆ. ಕುವೆಂಪು ಆ ಹೊಣೆ ಹೊತ್ತರು, ಪ್ರಶ್ನೆ ಬಂದಾಗ ಉತ್ತರವನ್ನೂ ಕೊಟ್ಟರು. ನನ್ನ ಕಾದಂಬರಿಗೆ ವಾಲಿಯ ಸಾವು ಬೇಕಿತ್ತು. ಸತ್ತ ಮೇಲೇ ತಾರೆಯ ಕಥೆ ಶುರುವಾಗುವುದು.

ಅದು ಹೇಗೆ ಶುರುವಾಗುತ್ತದೆ ಎಂದು ನನಗೆ ತೋರಿಸಿಕೊಟ್ಟವರೂ ತೀರ್ಥಹಳ್ಳಿಯವರೇ. ಕಾದಂಬರಿ ಇನ್ನೂ ಅರ್ಧದಲ್ಲಿದ್ದಾಗ ಒಂದು ಮಹಿಳಾ ಮಂಡಳಿಯಲ್ಲಿ ಅದರ ಬಗ್ಗೆ ಮಾತಾಡಿದ್ದೆ. ಚಹಾ ಕುಡಿಯುವಾಗ ಒಬ್ಬ ಅಜ್ಜಿ ಪಕ್ಕಕ್ಕೆ ಬಂದು ಕೂತರು. “ಸುಗ್ರೀವನಿಗೆ ಮೊದಲೇ ಹೆಂಡ್ತಿ ಇದ್ಲಲ್ಲ, ರುಮೆ. ವಾಲಿ ಅವಳನ್ನ ಇಟ್ಕೊಂಡಿದ್ದ. ಈಗ ವಾಲಿ ಸತ್ತ ಮೇಲೆ ತಾರೆ ಸುಗ್ರೀವನ ಮನೆಗೆ ಬಂದ್ಲು. ಒಂದೇ ಮನೆ, ಇಬ್ರು ಹೆಂಗಸ್ರು. ಉಗ್ರಾಣದ ಕೀಲಿಕೈ ಯಾರ ಸೊಂಟದಲ್ಲಿತ್ತು, ಹೇಳಿ ನೋಡೋಣ.” ರಾಮ, ಧರ್ಮ, ಮರೆಯ ಬಾಣ ಎಂದು ಗಂಡಸರು ಜಗಲಿಯಲ್ಲಿ ಎಷ್ಟೋ ಮಳೆಗಾಲ ವಾದಿಸಿದ್ದನ್ನು ಕೇಳಿದ್ದೆ. ಒಳಮನೆಯಿಂದ ಈ ಪ್ರಶ್ನೆ ಹೊರಗೆ ಬಂದದ್ದನ್ನು ಕೇಳಿರಲಿಲ್ಲ. ಕೂಡುಕುಟುಂಬದಲ್ಲಿ ಬಾಳಿದವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು.

ತಾರೆ, ರುಮೆ ಇಬ್ಬರೂ ಕೂತು ಮಳೆ ನೋಡುವ ಅಧ್ಯಾಯ ಹುಟ್ಟಿದ್ದು ಅಲ್ಲಿಂದ. ಹೊರಗೆ ರಾಮ ಕಾಯುತ್ತಿದ್ದಾನೆ, ಒಳಗೆ ಸುಗ್ರೀವ ಕುಡಿದು ಮಲಗಿದ್ದಾನೆ. ಒಬ್ಬಳನ್ನು ಅಣ್ಣ ಕಸಿದಿದ್ದ, ಇನ್ನೊಬ್ಬಳು ತಮ್ಮನ ಪಾಲಿಗೆ ಬಂದಿದ್ದಾಳೆ. ಕೀಲಿಕೈ ಇಬ್ಬರ ನಡುವೆ ನೆಲದ ಮೇಲಿದೆ, ಯಾರೂ ಎತ್ತಿಕೊಳ್ಳುತ್ತಿಲ್ಲ. ಸಿಟ್ಟಾದ ಲಕ್ಷ್ಮಣ ಊರ ಬಾಗಿಲಿಗೆ ಬಂದಾಗ ಅವನನ್ನು ಸಮಾಧಾನ ಮಾಡಲು ಸುಗ್ರೀವ ತಾರೆಯನ್ನು ಕಳಿಸುತ್ತಾನೆ. ಅದು ವಾಲ್ಮೀಕಿಯಲ್ಲೇ ಇದೆ. ಹೊರಡುವ ಮೊದಲು ಆ ಕೀಲಿಕೈಯನ್ನು ರುಮೆಯ ಕೈಗಿಟ್ಟು ಹೋಗುವುದು ಮಾತ್ರ ನನ್ನದು. ಪುಸ್ತಕ ಓದಿದವರು ಹೆಚ್ಚು ಜಗಳವಾಡಿದ್ದು ಆ ಅಧ್ಯಾಯದ ಬಗ್ಗೆಯೇ. ತಾರೆ ಸೋತಳು ಎಂದು ಕೆಲವರು, ಗೆದ್ದಳು ಎಂದು ಕೆಲವರು. ಅಜ್ಜಿಗೆ ಪುಸ್ತಕ ಕಳಿಸಿದ್ದೆ. “ರುಮೆಗೆ ಕೊಟ್ಟಿದ್ದು ಸರಿಯಾಯ್ತು, ಅವಳ ಮನೆ ಅದು” ಎಂದು ಮೊಮ್ಮಗಳ ಕೈಯಲ್ಲಿ ಕಾರ್ಡು ಬರೆಸಿದ್ದರು.

ಈಗ ಬರೆಯಲು ಹೊರಟ ಹುಡುಗರು ಬಂದು, ಹಳೆಯ ಕಥೆಯನ್ನು ಮತ್ತೆ ಹೇಳಲು ಯಾರ ಅಪ್ಪಣೆ ಬೇಕು ಎಂದು ಕೇಳುತ್ತಾರೆ. ಅಪ್ಪಣೆ ಯಾರದೂ ಬೇಡ. ಅದನ್ನು ಬಲ್ಲವರ ಎದುರು ಕೂತು ಉತ್ತರ ಹೇಳುವ ತಯಾರಿ ಇದ್ದರೆ ಸಾಕು. ಕಥೆ ಗೊತ್ತಿಲ್ಲದವರ ಮುಂದೆ ಏನನ್ನು ಬದಲಿಸಿದರೂ ನಡೆಯುತ್ತದೆ, ಅದರಲ್ಲಿ ಹೆಚ್ಚುಗಾರಿಕೆಯಿಲ್ಲ. ಬಾಗಿಲ ಸಂದಿಯಲ್ಲಿ ಕೂತು ಪದ್ಯ ಬಲ್ಲವರು ಇರುವವರೆಗೆ ಮಾತ್ರ ಮರುಕಥನಕ್ಕೆ ಬೆಲೆ. ಆ ಬಾಗಿಲುಗಳು ನಮ್ಮ ಕಡೆಯೂ ಒಂದೊಂದಾಗಿ ಮುಚ್ಚುತ್ತಿವೆ.

ಅದಕ್ಕೇ ಓದುಗರಲ್ಲಿ ನನ್ನದೊಂದು ಕೋರಿಕೆ. ನನ್ನ ಪುಸ್ತಕ ನಿಧಾನಕ್ಕೆ ಓದಿದರೂ ಆದೀತು. ಮೊದಲು ವಾಲ್ಮೀಕಿಯ ಕಿಷ್ಕಿಂಧಾಕಾಂಡವನ್ನು ಒಂದು ಒಳ್ಳೆಯ ಅನುವಾದದಲ್ಲಿ ಓದಿ, ಆಮೇಲೆ ‘ದರ್ಶನಂ’ನ ಕಿಷ್ಕಿಂಧೆಯನ್ನು ಓದಿ, ಮಳೆಗಾಲದಲ್ಲಿ ಎಲ್ಲಾದರೂ ‘ವಾಲಿವಧೆ’ ತಾಳಮದ್ದಲೆ ಇದ್ದರೆ ಹೋಗಿ ಕೇಳಿ. ಇಷ್ಟಾದ ಮೇಲೆ ನನ್ನ ತಾರೆಯನ್ನು ಓದಿ, ತಕರಾರು ತೆಗೆದುಕೊಂಡು ಬನ್ನಿ. ಸಾಗರವಾಗಲಿ, ಹೊಸನಗರವಾಗಲಿ, ತೀರ್ಥಹಳ್ಳಿಯಾಗಲಿ, ಕರೆದಲ್ಲಿಗೆ ಬಂದು ಕೂರುತ್ತೇನೆ.